ಬಿಷಪರಿಗೆ ಬಹುವಚನ

"ಟೀಚರ್, 'ಸ್ಪಷ್ಟೀಕರಣ'ಕ್ಕೆ ಒತ್ತು ಎಲ್ಲೆಲ್ಲಿ ಬರುತ್ತೆ?" ಪಕ್ಕದ ಮನೆಯ ಮೇರಿಯಮ್ಮ ಕೆಂಪು ಬಣ್ಣದ ಕುಂಚ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

ನಾನು ನಿವೃತ್ತ ಕನ್ನಡ ಟೀಚರ್. ಚಾಮರಾಜಪೇಟೆಯ ಅವರ ಮನೆಯೊಳಗೆ ಹೋದರೆ, ಅವರ ಚರ್ಚಿನ ಏಳೆಂಟು ಜನ ನೆಲದ ಮೇಲೆ ಕೂತು ರಟ್ಟುಗಳ ಮೇಲೆ ಘೋಷಣೆ ಬರೆಯುತ್ತಿದ್ದರು. ಆ ಚರ್ಚಿನ ಒಬ್ಬ ಪಾದ್ರಿಯ ವರ್ತನೆಯ ಬಗ್ಗೆ ಇಬ್ಬರು ಹೆಣ್ಣುಮಕ್ಕಳು ದೂರು ಕೊಟ್ಟಿದ್ದರಂತೆ. ಬಿಷಪರು ವಿಚಾರಿಸುವ ಬದಲು ಆತನನ್ನು ಸದ್ದಿಲ್ಲದೆ ಬೇರೆ ಊರಿನ ಚರ್ಚಿಗೆ ಕಳಿಸಿದ್ದರಂತೆ. ಮರುದಿನ ಬಿಷಪರು ಚರ್ಚಿಗೆ ಬರುವಾಗ ಪ್ರತಿಭಟನೆ.

ಒಂದು ರಟ್ಟಿನ ಮೇಲೆ 'ಬಿಷಪ್, ಉತ್ತರ ಕೊಡು' ಎಂದಿತ್ತು. ಮೇರಿಯಮ್ಮ ಗಾಬರಿಯಾದರು. "ಏಕವಚನ ಬೇಡ್ರಪ್ಪ. 'ದಯವಿಟ್ಟು' ಅಂತಾನೂ ಸೇರಿಸಿ." ನಾನು ತಿದ್ದಿಕೊಟ್ಟೆ. ಕೊನೆಗೆ ಘೋಷಣೆಗಳೆಲ್ಲ ಮಕ್ಕಳ ರಜೆ ಚೀಟಿಯ ಹಾಗೆ ಕಂಡವು.

ಮರುದಿನ ಕುತೂಹಲಕ್ಕೆ ನಾನೂ ಹೋದೆ. ಬಿಷಪರು ಕಾರಿಳಿದದ್ದೇ ತಡ, ಎಲ್ಲರೂ ರಟ್ಟನ್ನು ಕಂಕುಳಿಗೆ ಸಿಕ್ಕಿಸಿ ಭಕ್ತಿಯಿಂದ ತಲೆಬಾಗಿದರು. ಅವರೂ ಕೈಯೆತ್ತಿ ಆಶೀರ್ವದಿಸಿ ಒಳಗೆ ಹೊರಟರು. ಪ್ರತಿಭಟನೆ ಮುಗಿಯಿತು ಎಂದುಕೊಂಡು ನಾನು ನಗು ತಡೆದುಕೊಂಡೆ.

ಅಷ್ಟರಲ್ಲಿ ಮೇರಿಯಮ್ಮ ಶಿಲುಬೆ ಗುರುತು ಮಾಡಿಕೊಂಡು, ಸರಸರನೆ ಹೋಗಿ ಬಾಗಿಲಿಗೆ ಅಡ್ಡ ನಿಂತು ರಟ್ಟು ಎತ್ತಿ ಹಿಡಿದರು. "ಆಶೀರ್ವಾದ ದೇವರು ಕೊಡ್ತಾನೆ, ಸ್ವಾಮಿ. ಉತ್ತರ ನೀವು ಕೊಡ್ಬೇಕು." ಉಳಿದವರೂ ಅವರ ಪಕ್ಕ ಬಂದು ನಿಂತರು. ಆ ಹೆಣ್ಣುಮಕ್ಕಳ ಮಾತನ್ನು ಅಂದು ಸಂಜೆಯೇ ಕೇಳುವುದಾಗಿ ಎಲ್ಲರೆದುರು ಒಪ್ಪಿದ ಮೇಲೆಯೇ ಬಿಷಪರಿಗೆ ದಾರಿ ಸಿಕ್ಕಿತು.

ಮೂವತ್ತು ವರ್ಷ ನಾನು ಹೆಡ್‌ಮಾಸ್ಟರಿಗೆ ದಿನವೂ ನಮಸ್ಕಾರ ಹೇಳಿದ್ದೇನೆ. ನಮಸ್ಕಾರ ಆದ ಮೇಲೂ ಮಾತಾಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.