ಕಮಲಾಪುರಕ್ಕೆ ಬಂದ ನೀರಿನ ಬಾಟಲಿ

ಕಡಲ ಊರಲ್ಲಿ ಹುಟ್ಟಿ, ಕಲಬುರಗಿಗೆ ಸೊಸೆಯಾಗಿ ಬಂದು ಇಲ್ಲೇ ಮುದುಕಿಯಾದವಳು ನಾನು. ಇಲ್ಲಿನ ಗಾಜಿಪುರ ಓಣಿಯಲ್ಲಿ ನಮ್ಮ ಪಕ್ಕದ ಮನೆಯ ಶಿವು ಅರಬ್ಬರ ಮರಳುಗಾಡಿನ ದೇಶದಲ್ಲಿ ನೀರಿನ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಮುಚ್ಚಳ ಪರೀಕ್ಷಿಸುವ ಕೆಲಸದಲ್ಲಿದ್ದ. ರಜೆಗೆ ಬಂದಾಗ ಅವನಿಗೆ ಹೆಣ್ಣು ನೋಡಲು ಕಮಲಾಪುರಕ್ಕೆ ಹೊರಟರು. ನನ್ನನ್ನೂ ಕರೆದೊಯ್ದರು.

ಈ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಹುಡುಗಿಯ ಅಜ್ಜಿ ತಂಬಿಗೆ ಮುಂದಿಟ್ಟರೆ ಶಿವು ಚೀಲದಿಂದ ತನ್ನ ಬಾಟಲಿ ತೆಗೆದ. "ಬ್ಯಾಡ್ರಿ ಆಯಿ, ನನಗ ಇದೇ ರೂಢಿ ಆಗ್ಯಾದ."

ಅವನ ತಾಯಿಯ ಮುಖ ಬಾಡಿತು. ಮನೆಯ ನೀರು ಒಲ್ಲೆ ಎಂದವನಿಗೆ ಹೆಣ್ಣು ಕೊಡುವವರು ಯಾರು?

"ಅಲ್ಲಿ ಯಾವ ಬಾವಿ ನೀರು ಕುಡೀತಿಯಪ್ಪಾ?" ಎಂದಳು ಅಜ್ಜಿ.

"ಅಲ್ಲಿ ಬಾವಿ ಎಲ್ಲಿ ಬಂತ್ರಿ? ಸಮುದ್ರದ ನೀರಿಂದು ಉಪ್ಪು ತೆಗದು ಅದನ್ನೇ ಕುಡೀತಾರ."

ಕಡಲ ಊರಿನ ನನಗೂ ಅದು ಹೊಸ ಸುದ್ದಿ.

"ಸಮುದ್ರಾನೇ ಕುಡದಾಂವಗ ನಮ್ಮ ಬಾವಿ ಭಾರ ಆಯ್ತೇನು?" ಅಜ್ಜಿ ಬಿಡಲಿಲ್ಲ.

ಅಷ್ಟರಲ್ಲಿ ಹುಡುಗಿ ಬಂದು ಬಾಟಲಿ ಎತ್ತಿಕೊಂಡಳು. ಅದರ ನೀರನ್ನು ಹಿತ್ತಲ ಬಾಳೆಗಿಡಕ್ಕೆ ಸುರಿದು, ಬಾವಿ ನೀರು ತುಂಬಿ ತಂದಳು. "ಈಗ ಕುಡೀರಿ. ಬಾಟ್ಲಿ ನಿಮ್ದೇ ಅದ."

ಶಿವು ತಳ ಕಾಣುವವರೆಗೆ ಕುಡಿದ.

ಮದುವೆಯಾಗಿ ಅವನು ಮತ್ತೆ ಹೊರಟಾಗ ದಾರಿಗೆ ಬಾಟಲಿ ತುಂಬಿಕೊಟ್ಟವಳು ಅವಳೇ. ಮುಚ್ಚಳ ಬಿಗಿಯಾಗಿಲ್ಲ ಎಂದು ಇವನು ತಪ್ಪು ಹುಡುಕಿದನಂತೆ. ಪಾಪ, ನೌಕರಿಯ ಅಭ್ಯಾಸ.