ಓಟದ ಹಿಂದೆ ಬಂದ ಸ್ಕೂಟರ್

ನನ್ನ ಬಲಗಾಲಿನ ಹಿಮ್ಮಡಿ ನೋಯಲು ಶುರುವಾಗಿದ್ದು ಓಟದಿಂದಲ್ಲ. ಈ ಮಾತನ್ನು ಎಷ್ಟು ಜನರಿಗೆ ಹೇಳಿದರೂ ಯಾರೂ ಒಪ್ಪುವುದಿಲ್ಲ. ಶ್ರೀನಿವಾಸಪುರದ ಶಾಲೆಯೊಂದರಲ್ಲಿ ದಿನವಿಡೀ ನಿಂತು ಪಾಠ ಮಾಡುತ್ತೇನೆ, ಮನೆಗೆ ಬಂದು ಒಲೆಯ ಮುಂದೆ ನಿಲ್ಲುತ್ತೇನೆ. ಓಟದ ಯೋಚನೆಯೇ ಇಲ್ಲದ ಕಾಲದಲ್ಲೂ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಜೀವ ಹೋದಂತಾಗುತ್ತಿತ್ತು. ಆಗ ನಮ್ಮತ್ತೆ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಕಾಲಿಡು ಎಂದಿದ್ದರು. ಶಾಖ ತಗೊಂಡು ಎದ್ದು ರಾಗಿಮುದ್ದೆ ತಿರುವಿದ್ದೆ. ಕಾಲು ನೋವಿದೆಯಲ್ಲ, ಅಡುಗೆ ಬಿಡು ಎಂದು ಒಬ್ಬರೂ ಅನ್ನಲಿಲ್ಲ. ಓಡಲು ಶುರು ಮಾಡಿ ವರ್ಷವಾದ ಮೇಲೆ ಅದೇ ನೋವು ಮತ್ತೆ ಬಂತು ನೋಡಿ, ಆಗ ಇಡೀ ಮನೆ ಒಂದೇ ಬಾಯಲ್ಲಿ ಓಟ ಬಿಡು ಎಂದಿತು.

ಕೋಲಾರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ್ದಾಯಿತು. ಅವರು ಹಿಮ್ಮಡಿ ಒತ್ತಿ ನೋಡಿ, ತಲೆ ಎತ್ತಿ ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರ ಹತ್ತಿರ ಮಾತಾಡಿದರು. "ಈ ವಯಸ್ಸಲ್ಲಿ ಓಟ ಯಾಕೆ ಸಾರ್? ವಾಕಿಂಗ್ ಮಾಡೋಕೆ ಹೇಳಿ." ಕಾಲು ನನ್ನದು, ಬುದ್ಧಿವಾದ ಅವರಿಗೆ. ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ ಎಂದು ಕೇಳಲೇ ಇಲ್ಲ. ನಾನೇ ಹೇಳಹೊರಟರೆ ಮುಂದಿನ ಪೇಷಂಟನ್ನು ಕರೆದುಬಿಟ್ಟರು.

ಓಟ ನನಗೆ ಏನು ಎಂದು ಇವರಿಗೆ ಹೇಗೆ ಹೇಳಲಿ? ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಸುತ್ತು ಹಾಕುವ ಆ ಅರ್ಧ ಗಂಟೆ ನಾನು ಯಾರಿಗೂ ಏನೂ ಬಡಿಸಬೇಕಾಗಿರಲಿಲ್ಲ. ತೂಕ ಇಳಿಸಬೇಕೆಂದೋ ಸಕ್ಕರೆ ಕಾಯಿಲೆಗೆ ಹೆದರಿಯೋ ಓಡುತ್ತಿದ್ದೇನೆ ಎಂದಿದ್ದರೆ ಎಲ್ಲರೂ ತಲೆಯಾಡಿಸುತ್ತಿದ್ದರೇನೋ. ಸುಮ್ಮನೆ ಖುಷಿಗೆ ಎಂದೆ. ಅದೇ ತಪ್ಪಾಗಿದ್ದು.

ನಮ್ಮೂರಲ್ಲೇ ಹತ್ತು ಕಿಲೋಮೀಟರ್ ಓಟ ಏರ್ಪಾಡಾದಾಗ ಹೆಸರು ಕೊಟ್ಟುಬಂದೆ. ಕಾಲೇಜು ಮೈದಾನದಿಂದ ಹೊರಟು, ಮಾವಿನ ತೋಪುಗಳ ನಡುವಿನ ರಸ್ತೆಯಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್ಸು. ಮನೆಯಲ್ಲಿ ದೊಡ್ಡ ಪಂಚಾಯಿತಿ ನಡೆದು ಎರಡು ಷರತ್ತಿನ ಮೇಲೆ ಅಪ್ಪಣೆ ಸಿಕ್ಕಿತು. ಓಟದವರು ಕೊಡುವ ಟೀ ಶರ್ಟಿನ ಮೇಲೆ ವೇಲ್ ಹೊದ್ದುಕೊಳ್ಳಬೇಕು, ಇದು ಅತ್ತೆಯದು. ಹಿಂದೆ ಸ್ಕೂಟರಿನಲ್ಲಿ ತಾವು ಬರಬೇಕು, ಇದು ಯಜಮಾನರದು. ವಾಹನ ಹತ್ತಿದರೆ ಅಲ್ಲಿಗೆ ಓಟ ಮುಗಿದ ಹಾಗೆ ಎಂದು ಅವರಿಗೆ ಮೊದಲೇ ಹೇಳಿದ್ದೆ. "ನಾನೇನು ನಿನ್ನ ಹತ್ತು ಅಂತೀನಾ? ಸುಮ್ನೆ ಜೊತೆಗಿರ್ತೀನಿ ಕಣೇ" ಎಂದರು.

ಅರ್ಧ ದಾರಿ ಚೆನ್ನಾಗಿಯೇ ಹೋದೆ. ತಿರುಗಿ ಬರುವಾಗ ಹಿಮ್ಮಡಿ ಹಿಡಿಯಿತು. ಓಟ ಹೋಗಿ ಕುಂಟು ನಡಿಗೆಯಾಯಿತು, ಹುಡುಗರೆಲ್ಲ ಯಾವಾಗಲೋ ಮುಂದೆ ಹೋಗಿಬಿಟ್ಟರು, ರಸ್ತೆಯಲ್ಲಿ ಕೊನೆಗೆ ಉಳಿದವಳು ನಾನೊಬ್ಬಳೇ. ಸ್ಕೂಟರ್ ಪಕ್ಕಕ್ಕೇ ಬಂತು. ಹೊಗೆಯೆಲ್ಲ ನನ್ನ ಮೂಗಿಗೆ. "ಹತ್ತೇ, ಸಾಕು." ನಾನು ಕುಂಟುತ್ತಲೇ ಮುಂದೆ ನಡೆದೆ. "ಜನ ಏನಂದ್ಕೊತಾರೆ? ಗಾಡಿ ಇಟ್ಕೊಂಡು ಹೆಂಡ್ತೀನ ಕುಂಟಿಸ್ತಾವ್ನೆ ಅನ್ನಲ್ವಾ? ಹತ್ತು ಅಂದ್ರೆ ಹತ್ತು." ನೋವು ನನಗೆ, ಅವಮಾನ ಅವರಿಗೆ.

ದಾರಿಯಲ್ಲಿ ಒಂದು ಹಳ್ಳಿ. ಟೀ ಅಂಗಡಿಯ ಮುಂದೆ ನಾಲ್ಕಾರು ಜನ. ವೇಲ್ ಹೊದ್ದ ನಡುವಯಸ್ಸಿನ ಹೆಂಗಸು ಕುಂಟುತ್ತಾ ಮುಂದೆ, ಹತ್ತು ಹತ್ತು ಎಂದು ಗೋಗರೆಯುತ್ತಾ ಗಂಡಸು ಹಿಂದೆ. ಅವರಿಗೆ ಕಂಡದ್ದೇ ಬೇರೆ. ಜಗುಲಿಯಿಂದ ಅಜ್ಜಿಯೊಬ್ಬರು ಎದ್ದು ಬಂದು ನನ್ನ ಕೈ ಹಿಡಿದರು.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆನೇ ಮೊಗುಡು ಪೆಳ್ಳಾಂ ಜಗಳಾನಾ? ಗಂಡನ ಮೇಲೆ ಕೋಪ ಮಾಡ್ಕಂಡು ಮನೆ ಬಿಟ್ಟು ಹೊಂಟಿದ್ದೀಯಾ? ಅಷ್ಟು ಕರೀತಾವ್ನೆ, ಹತ್ತಮ್ಮಾ. ಮನೇಲಿ ಕೂತ್ಕಂಡು ಮಾತಾಡ್ಕಳಿ."

"ಜಗಳ ಏನೂ ಇಲ್ಲಜ್ಜಿ" ಎಂದೆ. "ಓಟದ ಸ್ಪರ್ಧೆ. ಇನ್ನು ಸ್ವಲ್ಪ ದೂರ ಅಷ್ಟೇ ಇದೆ. ಕೈ ಬಿಡಿ, ಹೋಗಬೇಕು." ವೇಲ್ ಸರಿಸಿ ಎದೆಯ ಮೇಲಿನ ನಂಬರನ್ನೂ ತೋರಿಸಿದೆ.

"ಆ ಓಟ ಹುಡುಗ್ರುದಮ್ಮಾ. ಅವ್ರಾಗ್ಲೇ ಹೋದ್ರು" ಎಂದರು ಟೀ ಅಂಗಡಿಯವರು. ಅಜ್ಜಿ ಕೈ ಬಿಡಲಿಲ್ಲ. ಇನ್ನಿಬ್ಬರು ಹೆಂಗಸರು ಬಂದು ದಾರಿಗೆ ಅಡ್ಡ ನಿಂತರು. ನಾನು ಯಜಮಾನರ ಮುಖ ನೋಡಿದೆ. ಒಂದು ಮಾತು ಸಾಕಿತ್ತು, ಹೌದು ಇವಳು ಓಡ್ತಿದ್ದಾಳೆ, ಬಿಡಿ ಎಂದು. ಅವರು ಹಲ್ಲು ಕಿರಿದು, "ಹೂಂ ಅಜ್ಜಿ, ಸ್ವಲ್ಪ ಕೋಪ. ನೀವಾದ್ರೂ ಹೇಳಿ" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಜಗಳವಾಡಿ ಬೀದಿಗೆ ಬಂದಿದ್ದಾಳೆ ಎಂದು ಹೇಳಿಕೊಳ್ಳುವುದು ಈ ಮನುಷ್ಯನಿಗೆ ಸುಲಭ, ಹೆಂಡತಿ ಓಡುತ್ತಿದ್ದಾಳೆ ಎಂದು ಹೇಳಲು ನಾಚಿಕೆ. ಅಜ್ಜಿ ಆಗಲೇ ನನ್ನನ್ನು ಸ್ಕೂಟರ್ ಕಡೆಗೆ ಎಳೆಯುತ್ತಿದ್ದರು.

"ಹೊಡೀತಾರಜ್ಜಿ" ಎಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ನೋಡಿ, ಕಾಲು ಹೇಗೆ ಕುಂಟ್ತಾ ಇದೆ. ಕಾಲೇಜ್ ಹತ್ರ ನಮ್ಮಣ್ಣ ಇದ್ದಾನೆ. ಅಲ್ಲಿಗೆ ಹೋಗಿಬಿಟ್ರೆ ಸಾಕು."

ಅಜ್ಜಿಯ ಕೈ ಸಡಿಲವಾಯಿತು. ನನ್ನ ಕಾಲು ನೋಡಿದರು, ಯಜಮಾನರ ಮುಖ ನೋಡಿದರು. ಆಮೇಲೆ ಸ್ಕೂಟರಿನ ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಡಿಯಮ್ಮಾ ನೀನು. ಈವಯ್ಯನ್ನ ನಾವು ನೋಡ್ಕಂತೀವಿ." ಅಡ್ಡ ನಿಂತಿದ್ದ ಹೆಂಗಸರು ಸರಿದರು. ಒಬ್ಬಾಕೆ ನೀರು ತಂದು ಕುಡಿಸಿದಳು. "ಇಲ್ಲಮ್ಮಾ, ಸುಳ್ಳು ಹೇಳ್ತಾವ್ಳೆ" ಎಂದು ಯಜಮಾನರು ಕೂಗುತ್ತಿದ್ದುದು ತಿರುವಿನವರೆಗೂ ಕೇಳಿಸಿತು. ಹಾಗೆ ಕೂಗಿದಷ್ಟೂ ಅಲ್ಲಿ ಅವರ ಮೇಲಿನ ಅನುಮಾನ ಜಾಸ್ತಿಯಾಗಿರಬೇಕು.

ಮೈದಾನ ಸೇರುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಕುರ್ಚಿ ಜೋಡಿಸುತ್ತಿದ್ದ ಹುಡುಗಿಯೊಬ್ಬಳು ಓಡಿಬಂದು, ಉಳಿದಿದ್ದ ಪದಕವೊಂದನ್ನು ಹುಡುಕಿ ಕೊರಳಿಗೆ ಹಾಕಿದಳು. ಎಷ್ಟೋ ಹೊತ್ತಾದ ಮೇಲೆ ಯಜಮಾನರು ಬಂದರು. ಮುಖ ಕೆಂಪಾಗಿತ್ತು.

"ಹೆಂಡ್ತಿ ಹೊಡೆಯೋನು ಅಂದ್ಬಿಟ್ರು ಕಣೇ ನನ್ನ. ಎಲ್ಲಾದ್ರೂ ಉಂಟಾ ಇದು?"

"ಓಡ್ತಾ ಇದ್ದಾಳೆ ಅಂತ ಹೇಳಿದ್ರೆ ಏನ್ರೀ ಆಗ್ತಿತ್ತು?" ಎಂದೆ.

ಈಗ ನೆಂಟರ ಮನೆಗೆ ಹೋದಲ್ಲೆಲ್ಲ ಅವರೇ ಇದನ್ನು ನಗೆಯ ಕಥೆಯಾಗಿ ಹೇಳುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ನನಗೆ ನಗು ಬರುವುದಿಲ್ಲ. ಅವರು ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಆದರೆ ಆ ಬೀದಿಯಲ್ಲಿ ಮೊದಲು ನಾನು ನಿಜವನ್ನೇ ಹೇಳಿದ್ದೆ. ಓಡಬೇಕು, ಬಿಡಿ ಎಂದಾಗ ಯಾರೂ ಕೈ ಬಿಡಲಿಲ್ಲ. ಗಂಡ ಹೊಡೆಯುತ್ತಾನೆ ಎಂದ ಮೇಲೆ ದಾರಿ ಬಿಟ್ಟರು.