ಆರು ಜನ, ಹತ್ತು ಚೀಟಿ

ಹಾಲಿನ ಡೇರಿಗೆ ಹೊಸದಾಗಿ ಸೇರಿದವರು ಮೊದಲೆರಡು ದಿನ ಅವನ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಎಲ್ಲರೂ ‘ಮೂಗಣ್ಣ’ ಎಂದು ಕರೆಯುವುದನ್ನು ಕೇಳಿ, ಪಾಪ, ಮಾತು ಬಾರದವನು ಅಂದುಕೊಳ್ಳುತ್ತಿದ್ದರು. ಅವನೂ ಸುಮ್ಮನಿದ್ದು ಮಜಾ ನೋಡಿ, ಮೂರನೆಯ ದಿನ ‘ಆ ಕ್ಯಾನು ಈಚೆ ತಳ್ಳಪ್ಪ’ ಎಂದು ಗಟ್ಟಿಯಾಗಿ ಹೇಳಿ ಬೆಚ್ಚಿಬೀಳಿಸುತ್ತಿದ್ದ. ಹೆಸರು ಬಂದದ್ದು ಅವನ ಮೂಗಿನಿಂದ.

ಬೆಳಗಿನ ಐದೂವರೆಗೆ ಲಾರಿಗಳು ಬರುತ್ತವೆ. ಒಟ್ಟು ನೂರ ನಲವತ್ತು ಕ್ಯಾನು. ಕ್ಯಾನು ಇಳಿಸುವವನು ಜಟ್ಟಿ. ಕಡ್ಡಿಯಂಥ ಮನುಷ್ಯ, ಆದರೆ ನಲವತ್ತು ಲೀಟರನ್ನು ಒಂದೇ ಕೈಯಲ್ಲಿ ಎಳೆದು ನಿಲ್ಲಿಸುತ್ತಾನೆ. ಅವನು ಮುಚ್ಚಳ ಎತ್ತಬೇಕು, ಮೂಗಣ್ಣ ಬಗ್ಗಿ ಅರ್ಧ ಉಸಿರು ಎಳೆದುಕೊಳ್ಳಬೇಕು. ‘ಹೂಂ’ ಅಂದರೆ ಹಾಲು ಒಳಗೆ. ‘ಪಕ್ಕಕ್ಕೆ’ ಅಂದರೆ ಹುಳಿ ತಿರುಗಿದೆ, ವಾಪಸ್. ಎರಡನ್ನೂ ಅವನೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಇಪ್ಪತ್ತಮೂರು ವರ್ಷ ಹೀಗೇ ನಡೆದಿತ್ತು. ಯಾವ ಕ್ಯಾನು ಬಿಸಿಲಲ್ಲಿ ನಿಂತಿತ್ತು, ಯಾವ ಮುಚ್ಚಳದ ರಬ್ಬರು ತೊಳೆದಿಲ್ಲ ಎಂಬುದನ್ನೂ ಅವನು ಹೇಳುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಒಂದು ಶೀತಜ್ವರ ಬಂತು. ಹೋಗುವಾಗ ಮೂಗನ್ನೂ ಹೊತ್ತುಕೊಂಡು ಹೋಯಿತು.

ಅವನು ಯಾರಿಗೂ ಹೇಳಲಿಲ್ಲ. ವಾಸನೆ ಗೊತ್ತಾಗದವನನ್ನು ಅಲ್ಲಿ ಯಾಕೆ ನಿಲ್ಲಿಸುತ್ತಾರೆ? ಹಿತ್ತಲಿನ ಕ್ರೇಟು ತೊಳೆಯುವ ತೊಟ್ಟಿಗೆ ಕಳಿಸುತ್ತಾರೆ. ಅಲ್ಲಿ ವಯಸ್ಸಾದವರು ರಬ್ಬರ್ ಬೂಟು ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಿರುತ್ತಾರೆ. ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು. ಜಟ್ಟಿ ಮುಚ್ಚಳ ಎತ್ತಿದಾಗ ಅವನು ಎಂದಿನಂತೆ ಬಗ್ಗಿದ, ಉಸಿರೆಳೆದ, ಮುಖ ಗಂಭೀರ ಮಾಡಿದ. ಆಮೇಲೆ ‘ಖಾತ್ರಿಗೆ’ ಅಂತ ಹೇಳಿ ಪ್ರತಿ ಕ್ಯಾನಿನಿಂದ ಒಂದು ಚಮಚ ಹಾಲನ್ನು ಗಾಜಿನ ಕೊಳವೆಗೆ ಹಾಕಿ ಬರ್ನರಿನ ಮೇಲೆ ಕಾಯಿಸಿದ. ಒಡೆದರೆ ಪಕ್ಕಕ್ಕೆ. ಕೆಟ್ಟ ಹಾಲು ಒಂದು ತೊಟ್ಟೂ ಒಳಗೆ ಹೋಗಲಿಲ್ಲ. ಆದರೆ ಲಾರಿಗಳ ಸಾಲು ಗೇಟು ದಾಟಿ ರಸ್ತೆಗೆ ಬೆಳೆಯಿತು.

ಅದೇ ಹೊತ್ತಿಗೆ ಹೊಸ ಲ್ಯಾಬ್ ಮೇಡಂ ಬಂದರು. ಅವರ ಕೈಯಲ್ಲಿ ಸದಾ ಒಂದು ಸಣ್ಣ ನೋಟ್‌ಬುಕ್ಕು. ಮೂಗಣ್ಣ ಬಗ್ಗಿದಾಗಲೆಲ್ಲ ಗಡಿಯಾರ ನೋಡಿ ಅದರಲ್ಲಿ ಏನೋ ಗೀಚುತ್ತಿದ್ದರು. ಅವನು ತಲೆ ಎತ್ತಿದರೆ ನಗುತ್ತಿದ್ದರು. ಆ ನಗು ಅವನಿಗೆ ಹಿಡಿಸಲಿಲ್ಲ.

ಒಂದು ಮಂಗಳವಾರ ಅವರೇ ಪ್ರಸ್ತಾಪ ಇಟ್ಟರು. ‘ಭಾನುವಾರ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ಮಾಡಿ ತರೋಣ. ಆದರೆ ಎಲ್ಲ ಅಡುಗೆಗೂ ಮುಖ್ಯ ಪದಾರ್ಥ ಒಂದೇ ಇರಬೇಕು. ಯಾವುದು ಅಂತ ಚೀಟಿ ಬರೆದು ಹಾಕಿ. ಹೆಚ್ಚು ಚೀಟಿ ಬಿದ್ದದ್ದು ಗೆದ್ದ ಹಾಗೆ.’

‘ತೀರ್ಪು ಯಾರದು?’ ಅಂದ ಬಾಯ್ಲರ್ ಮಾವ. ಬಾಯ್ಲರ್ ನೋಡಿಕೊಳ್ಳುವ ಅವನು ಯಾರಿಗೂ ಮಾವನಲ್ಲ. ಎಲ್ಲರ ವಿಷಯಕ್ಕೂ ಬಾಯಿ ಹಾಕುತ್ತಿದ್ದುದರಿಂದ ಆ ಹೆಸರು.

‘ಮೂಗಣ್ಣ ಇರುವಾಗ ಬೇರೆ ಯಾರು?’ ಅಂದರು ಮೇಡಂ. ‘ಕಣ್ಣಿಗೆ ಬಟ್ಟೆ ಕಟ್ಟೋಣ. ಡಬ್ಬಿ ಮುಚ್ಚಳ ತೆಗೆದರೆ ಸಾಕು, ಒಳಗೆ ಏನೇನಿದೆ ಅಂತ ಅವರು ಹೇಳ್ತಾರೆ.’

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಗಣ್ಣ ಮೇಡಂ ಕೈಯಲ್ಲಿದ್ದ ನೋಟ್‌ಬುಕ್ಕು ನೋಡಿದ. ಸಂಶಯವೇ ಇಲ್ಲ, ಇದು ಬಲೆ.

ಮನೆಯಲ್ಲಿ ಹೆಂಡತಿಗೆ ಮಾತ್ರ ಗೊತ್ತಿತ್ತು. ಅದೂ ಅವನು ಹೇಳಿದ್ದಲ್ಲ. ಒಲೆಯ ಮೇಲೆ ಅನ್ನ ಸೀದು ಹೊಗೆಯಾಡುವಾಗ ಇವನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದನ್ನು ಅವಳು ಕಂಡಿದ್ದಳು.

‘ಆಲೂಗಡ್ಡೆ ಬರೀರಿ,’ ಅಂದಳು ಅವಳು. ‘ಅದಕ್ಕೇನು ದೊಡ್ಡ ವಾಸನೆ? ಬೆರಳಲ್ಲಿ ಒತ್ತಿ, ಹಲ್ಲಲ್ಲಿ ಕಚ್ಚಿ ಏನಾದರೂ ಹೇಳಬಹುದು. ಇಲ್ಲಾಂದ್ರೆ ಬಾಯಿಬಿಟ್ಟು ಇದ್ದದ್ದು ಹೇಳಿಬಿಡಿ.’

‘ಹೇಳಿ ಬೂಟು ಹಾಕ್ಕೊಳ್ಳಲಾ?’

‘ಹಾಗಾದರೆ ಆಲೂಗಡ್ಡೆನೇ ಬರೀರಿ.’

ಅವನು ಒಂದು ಚೀಟಿ ಬರೆದ. ಸ್ವಲ್ಪ ಯೋಚಿಸಿ ಎಡಗೈಯಲ್ಲಿ ಇನ್ನೊಂದು ಬರೆದ. ಮೂರನೆಯದರಲ್ಲಿ ಬೇಕೆಂದೇ ‘ಆಲುಗಡೆ’ ಎಂದು ತಪ್ಪು ಮಾಡಿದ. ನಾಲ್ಕನೆಯದನ್ನು ಹೆಂಡತಿಯ ಹುಬ್ಬಿನ ಪೆನ್ಸಿಲ್ಲಿನಲ್ಲಿ ಗೀಚಿದ. ಅವಳು ನೋಡುತ್ತಿದ್ದಳು. ಇಪ್ಪತ್ತಮೂರು ವರ್ಷದಲ್ಲಿ ಅವನು ಒಂದೂ ಸುಳ್ಳು ‘ಹೂಂ’ ಅಂದವನಲ್ಲ. ಶುಕ್ರವಾರ ಬೆಳಿಗ್ಗೆ ವಿಶ್ರಾಂತಿ ಕೋಣೆಯಲ್ಲಿಟ್ಟಿದ್ದ ಖಾಲಿ ಕ್ಯಾನಿನೊಳಗೆ ನಾಲ್ಕನ್ನೂ ಒಟ್ಟಿಗೆ ಬಿಟ್ಟು, ಕೆಮ್ಮಿ, ಹೊರಗೆ ಬಂದ.

ಮಧ್ಯಾಹ್ನ ಆರು ಜನ ಸ್ಟೀಲ್ ಮೇಜಿನ ಸುತ್ತ ಕೂತರು: ಮೇಡಂ, ಬಾಯ್ಲರ್ ಮಾವ, ಜಟ್ಟಿ, ಲಾರಿ ಡ್ರೈವರ್, ಆಫೀಸಿನ ಅಕ್ಕ ಮತ್ತು ಮೂಗಣ್ಣ. ಮೇಡಂ ಕ್ಯಾನು ಬೋರಲು ಹಾಕಿ ಚೀಟಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

‘ನಾವು ಆರು ಜನ. ಚೀಟಿ ಹತ್ತಿದೆ.’

ಮೂಗಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಾನು ಹೆಚ್ಚಿಗೆ ಹಾಕಿದ್ದು ಮೂರು. ಒಂಬತ್ತಾಗಬೇಕು. ಹತ್ತನೆಯದು ಯಾರದು?

ಮೇಡಂ ಒಂದೊಂದಾಗಿ ಬಿಡಿಸಿದರು. ಬೆಳ್ಳುಳ್ಳಿ, ಪುದೀನ, ನಿಂಬೆಹಣ್ಣು, ಈರುಳ್ಳಿ ಒಂದೊಂದು. ಎಲ್ಲವೂ ಮೂಗಿಗೆ ಬಡಿಯುವಂಥವೇ. ಆಲೂಗಡ್ಡೆ ನಾಲ್ಕು. ಉಳಿದೆರಡು ಚೀಟಿಯಲ್ಲಿ ಅಕ್ಷರವೇ ಇರಲಿಲ್ಲ. ಎರಡರಲ್ಲೂ ಒಂದು ಡೊಂಕು ದುಂಡು, ಅದರೊಳಗೆ ನಾಲ್ಕಾರು ಚುಕ್ಕೆ.

‘ಇದೇನು, ಮೊಟ್ಟೆಯಾ?’ ಅಂದಳು ಆಫೀಸಿನ ಅಕ್ಕ.

‘ಮೊಟ್ಟೆಗೆ ಕಣ್ಣಿರುತ್ತಾ ಅಕ್ಕ? ಆಲೂಗಡ್ಡೆ ಅದು,’ ಅಂದ ಜಟ್ಟಿ. ಅವನಿಗೆ ಓದು ಬರಹ ಬರುವುದಿಲ್ಲ ಎಂದು ಡೇರಿಗೆಲ್ಲ ಗೊತ್ತು.

ಬಾಯ್ಲರ್ ಮಾವ ಕುರ್ಚಿ ಹಿಂದೆ ತಳ್ಳಿದ. ‘ಅಂದ್ರೆ ಎರಡು ಚೀಟಿ ನೀನೇ ಹಾಕಿದ್ದೀಯ. ಬಾಕಿ ನಾಲ್ಕನ್ನ ಯಾರ ಕೈಲಿ ಬರೆಸಿದೆ? ಇವನು ಸಾಮಾನ್ಯನಲ್ಲ ಮೇಡಂ. ಅಕ್ಷರ ಕಲಿಯೋಕೆ ಮುಂಚೆ ಕಳ್ಳ ಓಟು ಕಲಿತಿದ್ದಾನೆ.’

ಎಲ್ಲರೂ ನಕ್ಕರು, ಆದರೆ ನಗು ಬೇಗ ನಿಂತಿತು. ಮೇಡಂ ನಗಲಿಲ್ಲ.

‘ಹೌದೇನು ಜಟ್ಟಿ? ಎಲ್ಲ ನಿಮ್ಮದೇನಾ?’

ಜಟ್ಟಿ ಕೈ ಒರೆಸಿಕೊಂಡು ನೆಲ ನೋಡಿದ. ಮೂಗಣ್ಣನ ಕಡೆ ತಿರುಗಲಿಲ್ಲ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಮೂಗಣ್ಣನಿಗೆ ಆಗ ಗೊತ್ತಾಯಿತು: ಇವನಿಗೆ ಎಲ್ಲ ತಿಳಿದಿದೆ, ಅದಕ್ಕೇ ವಾಸನೆಯಿಲ್ಲದ ಆಲೂಗಡ್ಡೆಯನ್ನು ಎರಡು ಸಲ ಬಿಡಿಸಿ ಹಾಕಿದ್ದಾನೆ. ಮರುಕ್ಷಣವೇ ಇನ್ನೊಂದು ಹುಳ ಕೊರೆಯಿತು. ತಿಳಿದೂ ಯಾಕೆ ಸುಮ್ಮನಿದ್ದಾನೆ? ಇವನಿಗೆ ಇದರಲ್ಲಿ ಏನು ಸಿಗುತ್ತೆ? ತಾನೂ ಬಾಯಿ ಮುಚ್ಚಿಕೊಂಡರೆ ಇವತ್ತಿಗೆ ಎಲ್ಲ ಮುಗಿಯುತ್ತಿತ್ತು. ಜಟ್ಟಿಗೆ ಕಳ್ಳ ಓಟಿನವನು ಅಂತ ಒಂದು ಹೊಸ ಹೆಸರು ಅಂಟುತ್ತಿತ್ತು, ಅಷ್ಟೇ. ಡೇರಿಯಲ್ಲಿ ಅಂಟಿದ ಹೆಸರು ಮಾತ್ರ ಎಂದೂ ಬಿಡುವುದಿಲ್ಲ.

‘ಬರೆದಿರೋ ನಾಲ್ಕೂ ನನ್ನವು,’ ಅಂದ ಮೂಗಣ್ಣ.

ಎಲ್ಲರೂ ಅವನತ್ತ ತಿರುಗಿದರು. ಅವನೇ ಮುಂದುವರಿಸಿದ. ‘ನನಗೆ ವಾಸನೆ ಬರಲ್ಲ ಮೇಡಂ. ನಾಲ್ಕು ತಿಂಗಳಾಯ್ತು. ಆಲೂಗಡ್ಡೆಯಾದರೆ ಹೇಗೋ ತಪ್ಪಿಸ್ಕೊಬಹುದು ಅಂತ.’

‘ಮತ್ತೆ ಕ್ಯಾನುಗಳು?’

‘ಒಂದೊಂದನ್ನೂ ಕಾಯಿಸಿ ನೋಡಿದ್ದೀನಿ. ಹುಳಿ ಹಾಲು ಒಳಗೆ ಬಂದಿದ್ರೆ ತೋರಿಸಿ.’

ಮೇಡಂ ನೋಟ್‌ಬುಕ್ಕು ತೆರೆದು ಅವನ ಮುಂದೆ ಇಟ್ಟರು. ಲಾರಿ ನಂಬರು, ಬಂದ ಹೊತ್ತು, ಹೊರಟ ಹೊತ್ತು. ಬೇರೇನೂ ಇಲ್ಲ. ‘ಲಾರಿಗಳು ಯಾಕೆ ಒಂದು ಗಂಟೆ ತಡವಾಗ್ತಿವೆ ಅಂತ ಬರ್ಕೊಳ್ತಿದ್ದೆ. ನಿಮ್ಮ ಮೂಗಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ.’

ಮೂಗಣ್ಣ ನಂಬಲಿಲ್ಲ. ಹಿಂದಿನ ಹಾಳೆ ತಿರುಗಿಸಿದ, ಅದರ ಹಿಂದಿನದೂ. ಅಲ್ಲೂ ಲಾರಿಗಳೇ.

‘ಸೋಮವಾರದಿಂದ ಜಟ್ಟಿ ವಾಸನೆ ನೋಡಲಿ,’ ಅಂದರು ಮೇಡಂ. ‘ಅನುಮಾನ ಬಂದ ಕ್ಯಾನು ಮಾತ್ರ ನೀವು ಕಾಯಿಸಿ. ಪುಸ್ತಕ ಬರೆಯೋದೂ ನೀವೇ.’

ಆಮೇಲೆ ಅವರು ಪದಾರ್ಥ ಯಾವುದೆಂದು ಎಲ್ಲರಿಂದಲೂ ಬಾಯಲ್ಲೇ ಹೇಳಿಸಿದರು. ಬಾಯ್ಲರ್ ಮಾವನೇ ಮೊದಲು ಆಲೂಗಡ್ಡೆ ಅಂದ. ‘ಬೆಳ್ಳುಳ್ಳಿ ಸುಲಿಯೋಕೆ ನನ್ನವಳು ನನ್ನನ್ನೇ ಕೂರಿಸ್ತಾಳೆ’ ಎಂದು ಕಾರಣವನ್ನೂ ಕೊಟ್ಟ. ಭಾನುವಾರ ಆರು ಡಬ್ಬಿ ಆಲೂಗಡ್ಡೆ ಬಂತು. ತೀರ್ಪುಗಾರನಾಗಿದ್ದ ಡ್ರೈವರ್ ತನ್ನ ಹೆಂಡತಿಯ ಡಬ್ಬಿಗೇ ಬಹುಮಾನ ಕೊಟ್ಟು ಎಲ್ಲರ ಕೈಲೂ ಬೈಸಿಕೊಂಡ.

ಊಟವಾದ ಮೇಲೆ ಕ್ಯಾನು ತೊಳೆಯುವ ಕಟ್ಟೆಯ ಮೇಲೆ ಮೂಗಣ್ಣ ಜಟ್ಟಿಯನ್ನು ಹಿಡಿದ. ‘ನಿನಗೆ ಯಾವಾಗಿಂದ ಗೊತ್ತು?’

‘ಮೋಟಾರಿನ ಹಿಂದೆ ಇಲಿ ಸತ್ತು ಬಿದ್ದಿತ್ತಲ್ಲ, ಆವತ್ತಿಂದ. ನಾವೆಲ್ಲ ಗೇಟಿನ ಹತ್ತಿರ ಓಡಿಹೋದರೆ ನೀನು ಅಲ್ಲೇ ಕೂತು ಬುತ್ತಿ ಬಿಚ್ಚಿ ಚಪ್ಪರಿಸ್ಕೊಂಡು ತಿಂತಿದ್ದೆ.’

‘ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ನಿನ್ನ ಜಾಗಕ್ಕೆ ನನ್ನನ್ನೇ ನಿಲ್ಲಿಸ್ತಿದ್ದರು. ಪುಸ್ತಕ ಯಾರಪ್ಪ ಬರೀತಾರೆ?’

ಉತ್ತರ ಸರಿಯಾಗಿಯೇ ಇತ್ತು. ತೀರಾ ಸರಿಯಾಗಿದೆ ಅನ್ನಿಸಿತು ಮೂಗಣ್ಣನಿಗೆ. ಈಗ ಆ ಜಾಗ ಜಟ್ಟಿಗೇ ಸಿಕ್ಕಿತ್ತು, ಬರೆಯುವವನೂ ಸಿಕ್ಕಿದ್ದ.

ಸೋಮವಾರ ಐದೂವರೆಗೆ ಮೊದಲ ಲಾರಿ ಹಿಮ್ಮುಖವಾಗಿ ಬಂದು ನಿಂತಿತು. ಜಟ್ಟಿ ಮುಚ್ಚಳ ಎತ್ತಿ, ಮೂಗಣ್ಣನ ಹಾಗೇ ಬಗ್ಗಿ, ಅರ್ಧ ಉಸಿರು ಎಳೆದುಕೊಂಡು ‘ಪಕ್ಕಕ್ಕೆ’ ಅಂದ. ಮೂಗಣ್ಣ ಒಂದು ಚಮಚ ಕಾಯಿಸಿದ. ಹಾಲು ಒಡೆಯಿತು. ಪುಸ್ತಕದಲ್ಲಿ ಬರೆದುಕೊಂಡ.

ಎರಡನೆಯ ಕ್ಯಾನಿಗೆ ಜಟ್ಟಿ ‘ಹೂಂ’ ಅಂದ. ಮೂಗಣ್ಣ ಅದರಿಂದಲೂ ಒಂದು ಚಮಚ ತೆಗೆದು ಬರ್ನರಿನ ಮೇಲೆ ಹಿಡಿದ.